ಡಬ್ಬಿಯಲ್ಲಿ ಉಳಿದ ಏಳು ನೂಲು

ಐದನೇ ಕ್ಲಾಸಿನಿಂದ ನನಗೆ ಬರೆದಿಡುವ ಅಭ್ಯಾಸ. ಮೊದಲು ಬರೆದದ್ದು ಬೀಡಿಯ ಲೆಕ್ಕ. ಅಮ್ಮ ದಿನಕ್ಕೆ ಎಷ್ಟು ಕಟ್ಟಿದರು, ಅಕ್ಕ ಎಷ್ಟು ಕಟ್ಟಿದಳು, ಎಷ್ಟು ಎಲೆ ಹಾಳಾಯಿತು. ಆಮೇಲೆ ಮಳೆ ಬಂದ ದಿನಗಳು, ಬಾವಿಯಲ್ಲಿ ನೀರಿನ ಮೇಲೆ ಎಷ್ಟು ರಿಂಗ್ ಕಾಣುತ್ತದೆ, ಕರೆಂಟು ಎಷ್ಟು ಹೊತ್ತು ಹೋಯಿತು, ಇವೆಲ್ಲ ಸೇರಿಕೊಂಡವು. ಗೆರೆ ಎಳೆದು ಖಾನೆ ಮಾಡಿ ಬರೆಯುತ್ತಿದ್ದೆ. ಮನೆಗೆ ಬಂದವರಿಗೆ ಅಮ್ಮ ಪುಸ್ತಕ ತೋರಿಸಿ, "ಇವಳ ಹತ್ರ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ, ಎಲ್ಲ ತಾರೀಕು ಸಮೇತ ಉಂಟು" ಎನ್ನುತ್ತಿದ್ದರು. ನನಗೂ ಅದರಲ್ಲಿ ಹೆಮ್ಮೆ ಇತ್ತು.

ಅಪ್ಪ ಇಲ್ಲದ ಮನೆ ನಮ್ಮದು. ಪುತ್ತೂರಿನ ಹತ್ತಿರದ ಸವಣೂರಿನಿಂದ ಸ್ವಲ್ಪ ಒಳಗೆ, ಐದು ಸೆಂಟ್ಸಿನ ಜಾಗದಲ್ಲಿ ಎರಡು ಕೋಣೆ, ಎದುರಿಗೆ ಒಂದು ಚಾವಡಿ. ಮೊದಲು ಹಂಚಿನ ಮಾಡು ಇತ್ತು. ಮಂಗಗಳು ಹಲಸಿನ ಮರದಿಂದ ಮಾಡಿಗೆ ಹಾರಿ ಹಂಚು ಒಡೆಯುತ್ತಿದ್ದವು. ಎರಡು ವರ್ಷದಲ್ಲಿ ತೊಂಬತ್ತಮೂರು ಹಂಚು. ಲೆಕ್ಕ ಇಟ್ಟದ್ದು ನಾನೇ. ಅದನ್ನು ತೋರಿಸಿ ಶೀಟು ಹಾಕಿಸೋಣ ಎಂದು ಹಟ ಮಾಡಿದ್ದೂ ನಾನೇ. ಅಮ್ಮ ಒಪ್ಪಿದರು. ಹಂಚು ಇಳಿಸಿ ಸಿಮೆಂಟು ಶೀಟು ಹಾಕಿಸಿದೆವು, ಹಲಸಿನ ಮರವನ್ನೂ ಕಡಿಸಿದೆವು. ಮಳೆಗಾಲದಲ್ಲಿ ಒಂದು ಹನಿ ಸೋರಲಿಲ್ಲ. ಆ ವರ್ಷದ ಪುಟದಲ್ಲಿ "ಹಂಚು ಒಡೆದದ್ದು: ಇಲ್ಲ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಕಳೆದ ವರ್ಷ ಮಾರ್ಚ್ 2ರಂದು ಅಕ್ಕ ಆ ಶೀಟಿನ ಕೆಳಗೆ ಹೆರಿಗೆಗೆ ಬಂದಳು. ಅವಳ ಗಂಡನ ಮನೆ ಕಡಬದ ಆಚೆ. ಅಲ್ಲಿ ಏಳನೇ ತಿಂಗಳ ಬಯಕೆ ಶಾಸ್ತ್ರ ಮುಗಿಸಿ, ಹೂ ಮುಡಿಸಿ, ಹಸಿರು ಬಳೆ ಹಾಕಿ ಕಳಿಸಿಕೊಟ್ಟರು. ಮೊದಲ ಹೆರಿಗೆ ತಾಯಿ ಮನೆಯಲ್ಲಿ ಎನ್ನುವುದು ನಮ್ಮಲ್ಲಿ ಯಾರೂ ಚರ್ಚೆ ಮಾಡುವ ವಿಷಯ ಅಲ್ಲ. ಅವಳ ಗಂಡನ ಮನೆಯದ್ದು ಹಂಚಿನ ಮಾಡು, ಸುತ್ತ ಮರದ ನೆರಳು, ಪಾಯಿಖಾನೆ ಮನೆಯ ಒಳಗೇ. ನಮ್ಮಲ್ಲಿ ಪಾಯಿಖಾನೆಗೆ ಹೋಗಬೇಕಾದರೆ ಹಿಂದಿನ ಬಾಗಿಲು ತೆಗೆದು, ಬಿಸಿಲಲ್ಲಿ ಅಂಗಳ ದಾಟಿ, ಆರು ಮೆಟ್ಟಿಲು ಇಳಿಯಬೇಕು. ಅಂದರೆ ಇದ್ದ ಒಳ್ಳೆಯ ಜಾಗದಿಂದ ಎಬ್ಬಿಸಿ, ಹೂ ಮುಡಿಸಿ, ಕೆಟ್ಟ ಜಾಗಕ್ಕೆ ತಂದು ಕೂರಿಸಿದೆವು. ಹೀಗೆ ಬರೆಯಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಚಾವಡಿಯ ಗೋಡೆಯಲ್ಲಿ ಸೆಕೆ ಎಷ್ಟೆಂದು ತೋರಿಸುವ ಒಂದು ಗಡಿಯಾರ ಇತ್ತು, ಯಾವುದೋ ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಆಗ ನಾನು ಪುತ್ತೂರಿನಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಬೆಳಿಗ್ಗೆ ಹೋದರೆ ಸಂಜೆ ನಾಲ್ಕೂವರೆಗೆ ಮನೆ. ಚೀಲ ಇಳಿಸಿ ಮೊದಲು ಗಡಿಯಾರ ನೋಡುತ್ತಿದ್ದೆ. ಮಾರ್ಚ್ 5: 37. ಮಾರ್ಚ್ 11: 38. ಮಾರ್ಚ್ 19: 39. ಬಿಸಿಲು ಇಳಿದ ಮೇಲಿನ ಲೆಕ್ಕ ಇದು. ಮಧ್ಯಾಹ್ನ ಎಷ್ಟಿತ್ತು ಎಂದು ಕೇಳಿದರೆ ಅಕ್ಕ ನಗುತ್ತಿದ್ದಳು. "ನೋಡ್ಲಿಕ್ಕೆ ಹೋಗ್ಲಿಲ್ಲ ಮಾರಾಯ್ತಿ. ಅಕ್ಕಿ ಹಾಕಿದ್ರೆ ಅನ್ನ ಆಗ್ತಿತ್ತು."

ಪೇಪರಿನಲ್ಲಿ ದಿನಾ ಬರುತ್ತಿತ್ತು: ಹನ್ನೆರಡರಿಂದ ಮೂರರವರೆಗೆ ಬಿಸಿಲಿಗೆ ಹೋಗಬೇಡಿ, ಗರ್ಭಿಣಿಯರು ಮನೆಯ ಒಳಗೇ ಇರಿ. ಅಕ್ಕ ಒಳಗೇ ಇದ್ದಳು. ಬಾಗಿಲು ಮುಚ್ಚಿ, ಕಿಟಕಿ ಮುಚ್ಚಿ, ಫ್ಯಾನು ಬಂದ್ ಮಾಡಿ, ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು ಕೂತಿದ್ದಳು. ತಡ್ಪೆಯೆಂದರೆ ಮೊರ. ಬೀಡಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ ಎಲ್ಲ ಅದರಲ್ಲೇ ಇರುತ್ತದೆ. ಫ್ಯಾನು ಹಾಕಿದರೆ ಹೊಗೆಸೊಪ್ಪಿನ ಹುಡಿ ಹಾರುತ್ತದೆ, ನೆನೆಸಿ ಮೆತ್ತಗೆ ಮಾಡಿದ ಎಲೆ ಒಣಗುತ್ತದೆ. ಒಣಗಿದ ಎಲೆ ಸುರುಳಿ ಸುತ್ತುವಾಗ ಟಪ್ ಎಂದು ಒಡೆಯುತ್ತದೆ. ಬೀಡಿ ಕಟ್ಟುವ ಮನೆಗಳಲ್ಲಿ ಫ್ಯಾನು ಇರುವುದು ಊಟದ ಹೊತ್ತಿಗೆ ಮಾತ್ರ.

ತುಂಬು ಬಸುರಿ ಬೀಡಿ ಯಾಕೆ ಕಟ್ಟಬೇಕಿತ್ತು ಎಂದು ಆಮೇಲೆ ಬಹಳ ಜನ ಕೇಳಿದರು. ಕೇಳಿದವರಲ್ಲಿ ಅರ್ಧದಷ್ಟು ಜನ ತಾವೂ ಕಟ್ಟಿದವರೇ. ಬೀಡಿ ಕಂಪೆನಿಯ ಬ್ರಾಂಚಿನ ಕಾರ್ಡು ಅಮ್ಮನ ಹೆಸರಿನಲ್ಲಿ ಇತ್ತು, ಅಮ್ಮನ ಬೆರಳಿನ ಗಂಟುಗಳು ಬಾತು ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ಅಲ್ಲಿಂದ ತಂದ ಎಲೆಗೆ ಸರಿಯಾಗಿ ಬೀಡಿ ಕಟ್ಟಿ ಕೊಡಬೇಕು. ಕಳೆದ ವರ್ಷದ ಸೆಕೆಗೆ ಎಲೆ ಎಷ್ಟು ನೆನೆಸಿದರೂ ನಿಲ್ಲಲಿಲ್ಲ, ಹತ್ತರಲ್ಲಿ ಮೂರು ಒಡೆಯುತ್ತಿತ್ತು. ಅಮ್ಮ ಬ್ರಾಂಚಿನವರಿಗೆ ಹೇಳಿದರೆ, "ಎಲೆ ಸರಿ ಉಂಟಕ್ಕ, ನಿಮ್ಮ ಕೈ ಸರಿ ಇಲ್ಲ" ಎಂದರಂತೆ. ಅಕ್ಕನಿಗೆ ರೋಷ ಬಂತು. ಮದುವೆಗೆ ಮೊದಲು ಆ ಬ್ರಾಂಚಿನಿಂದ ಅವಳ ಬೀಡಿಯಲ್ಲಿ ಒಂದೂ ವಾಪಸ್ ಬಂದದ್ದಿಲ್ಲ. "ತಡ್ಪೆ ಇತ್ತ ಕೊಡಿ ಅಮ್ಮ, ಸುಮ್ನೆ ಕೂತ್ರೆ ನಂಗೆ ನಿದ್ದೆ ಬರ್ತದೆ" ಎಂದಳು. ಅಮ್ಮ ಕೊಟ್ಟರು. ನಾನು ಹೊಸ ಖಾನೆ ಎಳೆದೆ.

ಎಲೆ ಒಣಗದ ಹಾಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮತ್ತೆ ಮತ್ತೆ ನೀರು ಚಿಮುಕಿಸಬೇಕು. ನನ್ನ ಪುಸ್ತಕದಲ್ಲಿ ಇದೂ ಉಂಟು. ಮಾರ್ಚ್ 24: ಎಲೆಗೆ ನೀರು ಐದು ಸಲ. ಅಕ್ಕ ನೀರು ಕುಡಿದದ್ದು ನಾಲ್ಕು ಲೋಟ. ಎರಡೂ ಒಂದೇ ಸಾಲಿನಲ್ಲಿ, ಒಂದೇ ಪೆನ್ನಿನಲ್ಲಿ ಇವೆ. ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ. ಕುಡಿದರೆ ಏಳಬೇಕು, ಎದ್ದರೆ ತಡ್ಪೆ ಇಳಿಸಬೇಕು, ಬಿಸಿಲಿಗೆ ಕಾದ ಅಂಗಳ ದಾಟಿ ಆರು ಮೆಟ್ಟಿಲು ಇಳಿಯಬೇಕು. ಸಾಲದ್ದಕ್ಕೆ ಅವಳ ಪಾದ ಬಾತಿತ್ತು. "ನೀರು ಜಾಸ್ತಿ ಕುಡಿದ್ರೆ ಕಾಲಿಗೆ ಇಳಿತದೆ ಮಗಾ, ಹದದಲ್ಲಿ ಕುಡಿ" ಎಂದು ಅಮ್ಮ ಹೇಳಿದ್ದರು. ಅಮ್ಮ ಹೇಳಿದ್ದು ಪ್ರೀತಿಯಿಂದಲೇ.

ಮಾರ್ಚ್ 20ರಂದು ಪುತ್ತೂರಿನ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಅವರು ನೀರು ಚೆನ್ನಾಗಿ ಕುಡಿಯಲು ಹೇಳಿದರು, ತಂಪಿನಲ್ಲಿ ಇರಲು ಹೇಳಿದರು. ಮಧ್ಯಾಹ್ನ ಊಟ ಆದ ಮೇಲೆ ಎರಡು ಗಂಟೆ ಹೊತ್ತು ಮಗು ಎಷ್ಟು ಸಲ ಒದೆಯುತ್ತದೆ ಎಂದು ಎಣಿಸಬೇಕು, ಹತ್ತು ಆದರೆ ಸಾಕು, ಕಡಿಮೆಯಾದರೆ ಕೂಡಲೇ ಬರಬೇಕು ಎಂದರು. "ಬೀಡಿ ಕಟ್ತೀರಾ?" ಎಂದು ಕೇಳಿದಾಗ ಅಕ್ಕ, "ಇಲ್ಲ ಡಾಕ್ಟ್ರೆ" ಎಂದಳು. ಅವಳ ಬೆರಳಿನ ತುದಿ ಹಳದಿಯಾಗಿತ್ತು. ನಾನು ಸುಮ್ಮನಿದ್ದೆ.

ಎಣಿಸುವ ಉಪಾಯ ಅಕ್ಕನದೇ. ಕೈಯಲ್ಲಿ ಕತ್ತರಿ ಮತ್ತು ನೂಲು ಹೇಗೂ ಇರುತ್ತದೆ. ಮಗು ಒಮ್ಮೆ ಒದ್ದರೆ ಒಂದು ತುಂಡು ನೂಲು ಕತ್ತರಿಸಿ ಪಕ್ಕದ ಪೌಡರ್ ಡಬ್ಬಿಗೆ ಹಾಕುವುದು. ಸಂಜೆ ನಾನು ಬಂದು ನೂಲು ಲೆಕ್ಕ ಮಾಡಿ ಪುಸ್ತಕದಲ್ಲಿ ಬರೆಯುವುದು. ಮೊದಲ ದಿನ ಹದಿನಾಲ್ಕು ನೂಲು ಇತ್ತು. "ಹತ್ತು ಸಾಕು ಅಂದಿದ್ದಾರೆ" ಎಂದು ನಾನು ಹತ್ತನ್ನು ತೆಗೆದು ಒಲೆಗೆ ಹಾಕಿ, 10 ಎಂದು ಬರೆದೆ. ಉಳಿದ ನಾಲ್ಕು ಡಬ್ಬಿಯಲ್ಲೇ ಉಳಿಯಿತು.

ಬೀಡಿ ಕಟ್ಟದವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮ ಮನೆಯಲ್ಲಿ ಬೇರೆ ರೀತಿ ಮಾಡಲು ಗೊತ್ತೇ ಇರಲಿಲ್ಲ. ಬ್ರಾಂಚಿನಲ್ಲಿ ಇಪ್ಪತ್ತೈದರ ಕಟ್ಟು ಮಾತ್ರ ತೆಗೆದುಕೊಳ್ಳುತ್ತಾರೆ. ಇವತ್ತು ಕಟ್ಟಿ ಮಿಕ್ಕಿದ ಬೀಡಿ ಡಬ್ಬಿಗೆ ಹೋಗುತ್ತದೆ. ನಾಳೆ ಕಟ್ಟಿಗೆ ಕಮ್ಮಿ ಬಿದ್ದರೆ ಅದರಿಂದ ತುಂಬಿಸುತ್ತೇವೆ. ಸೋಮವಾರದ ಬೀಡಿಗೂ ಗುರುವಾರದ ಬೀಡಿಗೂ ವ್ಯತ್ಯಾಸ ಯಾರು ಕೇಳುತ್ತಾರೆ? ಕಟ್ಟು ತುಂಬಿದರೆ ಆಯಿತು. ಅಕ್ಕ ಹತ್ತು ವರ್ಷದಿಂದ ಹೀಗೆ ತುಂಬಿಸಿದವಳು. ನಾನು ಹತ್ತು ವರ್ಷದಿಂದ ಹೀಗೆ ಬರೆದವಳು.

ಏಪ್ರಿಲ್ 4ಕ್ಕೆ ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಎದೆಬಡಿತ ಕೇಳಿ, ಮಗುವಿನ ಸುತ್ತ ನೀರು ಸ್ವಲ್ಪ ಕಮ್ಮಿ ಇದ್ದ ಹಾಗೆ ಕಾಣುತ್ತದೆ, ದಿನಕ್ಕೆ ಮೂರು ಲೀಟರ್ ಕುಡಿಯಬೇಕು ಎಂದರು. ಆಮೇಲೆ ನನ್ನ ಪುಸ್ತಕ ತಿರುವಿದರು. ಹತ್ತು, ಹತ್ತು, ಹತ್ತು. "ಇಷ್ಟು ನೀಟಾಗಿ ಯಾರೂ ಬರಿಯುದಿಲ್ಲ. ಅಲುಗಾಟ ಒಳ್ಳೆದುಂಟು, ಹೆದರಿಕೆ ಬೇಡ. ಎರಡು ವಾರ ಬಿಟ್ಟು ಸ್ಕ್ಯಾನ್ ಮಾಡುವ" ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಭುಜಕ್ಕೆ ಒರಗಿ, "ನಿನ್ನ ಪುಸ್ತಕದ ದೆಸೆಯಿಂದ ಸ್ಕ್ಯಾನ್ ತಪ್ಪಿತು ನೋಡು" ಎಂದು ತಮಾಷೆ ಮಾಡಿದಳು. ನಿಜ, ಅದರ ದೆಸೆಯಿಂದಲೇ ತಪ್ಪಿತು.

ನಮ್ಮ ಹೊಸ ವರ್ಷದ ಬಿಸು ಹಬ್ಬ ಹತ್ತಿರ ಬಂತು. ಹಬ್ಬಕ್ಕೆ ಬ್ರಾಂಚಿಗೆ ರಜೆ, ಹಾಗಾಗಿ 13ರ ಒಳಗೆ ಎಲ್ಲ ಬೀಡಿ ಕೊಡಬೇಕು. ಹಬ್ಬದ ಹಿಂದಿನ ನಾಲ್ಕು ದಿನ ಅಕ್ಕ ಬೆಳಿಗ್ಗೆ ಎಂಟಕ್ಕೆ ಕೂತರೆ ಸಂಜೆ ನಾನು ಬರುವವರೆಗೂ ಅಲ್ಲೇ ಇರುತ್ತಿದ್ದಳು. ಏಪ್ರಿಲ್ 10ರ ಸಂಜೆ 40. 11ಕ್ಕೆ 40. 12 ರಜೆಯ ದಿನ, ನಾನು ಮನೆಯಲ್ಲೇ ಇದ್ದೆ. ಮಧ್ಯಾಹ್ನ ಎರಡೂಕಾಲಕ್ಕೆ ಗಡಿಯಾರದಲ್ಲಿ 42 ಇತ್ತು. ಅದನ್ನು ಬರೆದುಕೊಂಡೆ. ಆಗ ಅಕ್ಕನ ಮುಖ ಕೆಂಪಾಗಿತ್ತು, ತುಟಿ ಒಣಗಿ ಬೆಳ್ಳಗಾಗಿತ್ತು. ಫ್ಯಾನು ಹಾಕಲು ಎದ್ದೆ.

"ಬೇಡ, ಬೇಡ! ಇನ್ನು ನಾಲ್ಕೇ ಕಟ್ಟು ಉಂಟು."

"ಸೆಕೆಗೆ ಸಾಯ್ತಿ ನೀನು."

"ಎಲೆ ಒಣಗಿದ್ರೆ ನೀನು ಕಟ್ಟಿ ಕೊಡ್ತಿಯಾ? ಲೆಕ್ಕ ಬರಿಯುವವರಿಗೆ ಎಂತ ಗೊತ್ತು!"

ನಾನು ವಾಪಸ್ ಬಂದು ಕೂತೆ. ಫ್ಯಾನಿನ ಸ್ವಿಚ್ಚು ನನ್ನ ಕೈಯಿಂದ ಒಂದು ಅಡಿ ದೂರ ಇತ್ತು.

ಏಪ್ರಿಲ್ 14, ಬಿಸು. ಬೆಳಿಗ್ಗೆ ದೇವರ ಮುಂದೆ ಹಣ್ಣು, ತರಕಾರಿಯ ಕಣಿ ಇಟ್ಟು ಕೈ ಮುಗಿದೆವು. ಅಕ್ಕ ಹೊಸ ಸೀರೆ ಉಡಲಿಲ್ಲ, ಬಿಸಿ ತಡೆಯುವುದಿಲ್ಲ ಎಂದಳು. ಪಾಯಸವೂ ಬೇಡ ಎಂದು ನೆಲಕ್ಕೆ ಒದ್ದೆ ಬಟ್ಟೆ ಹಾಸಿ ಮಲಗಿದಳು. ಸಂಜೆ ಡಬ್ಬಿ ತೆಗೆದು ಮಗುಚಿದೆ. ಏಳು ನೂಲು. ಕೈ ಹಾಕಿ ತಡಕಿದೆ. ಏಳೇ.

"ಅಕ್ಕಾ, ಏಳೇ ಉಂಟು."

ಅವಳು ಮಲಗಿದಲ್ಲಿಂದಲೇ ಡಬ್ಬಿ ನೋಡಿದಳು. "ಸರಿ ನೋಡು."

"ನೋಡಿದೆ. ಮಗು ಒದಿಲಿಲ್ವಾ ಇವತ್ತು?"

"ಹಬ್ಬದ ಗಡಿಬಿಡಿಯಲ್ಲಿ ಎಣಿಸ್ಲಿಕ್ಕೆ ಆಗ್ಲಿಲ್ಲ" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿದಳು.

ಅಮ್ಮ ಸಕ್ಕರೆ ನೀರು ಕುಡಿಸಿದರು, ಎಡ ಮಗ್ಗುಲಿಗೆ ಮಲಗಿಸಿದರು. "ಎಂಟನೇ ತಿಂಗಳಲ್ಲಿ ಮಗು ಸುಮ್ನೆ ಆಗುದುಂಟು, ಇವಳೂ ಹಾಗೇ ಇದ್ದಳು ನನ್ನ ಹೊಟ್ಟೆಯಲ್ಲಿ" ಎಂದರು. ಬೆಳಿಗ್ಗೆ ಹೋಗುವುದೆಂದು ಮಾತಾಯಿತು. ಆ ದಿನದ ಖಾನೆಯಲ್ಲಿ 7 ಎಂದು ಬರೆದೆ.

15ರಂದು ಬೆಳಿಗ್ಗೆ ಬಾವ ಕಡಬದಿಂದ ತಮ್ಮದೇ ರಿಕ್ಷಾದಲ್ಲಿ ಬಂದು ಎಲ್ಲರನ್ನೂ ಪುತ್ತೂರಿಗೆ ಕರೆದುಕೊಂಡು ಹೋದರು. ಒಳಗೆ ಅಕ್ಕನ ಜೊತೆ ನಾನೊಬ್ಬಳೇ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಸ್ಕ್ಯಾನಿನ ಕಡ್ಡಿಯನ್ನು ಅತ್ತ ಇತ್ತ ಸರಿಸಿದರು. ಮತ್ತೆ ಮೊದಲಿನ ಜಾಗಕ್ಕೇ ತಂದರು. ಆಮೇಲೆ ಅಕ್ಕನ ಕೈ ಹಿಡಿದು ಹೇಳಿದರು. ಎದೆಬಡಿತ ಇಲ್ಲ. ಮಗುವಿನ ಸುತ್ತ ನೀರೂ ಇಲ್ಲ ಎನ್ನುವಷ್ಟು ಕಮ್ಮಿ.

ಅಕ್ಕ ಅಳಲಿಲ್ಲ. ಡಾಕ್ಟರಮ್ಮ ನನ್ನ ಕಡೆ ಕೈ ಚಾಚಿದರು. ಪುಸ್ತಕ ಕೊಟ್ಟೆ. ಅವರು ಈ ಸಲ ನಿಧಾನಕ್ಕೆ ಓದಿದರು.

"ಮೊನ್ನೆಯವರೆಗೆ ದಿನಾ ಹತ್ತು. ಒಂದು ದಿನ ಒಂಬತ್ತಿಲ್ಲ, ಒಂದು ದಿನ ಹನ್ನೊಂದಿಲ್ಲ. ಹೊಟ್ಟೆಯಲ್ಲಿ ಇದ್ದದ್ದು ಮಗುವಾ ಅಥವಾ ಮೆಶೀನಾ? ನಾನಾದ್ರೂ ಕೇಳಬೇಕಿತ್ತು ಅವತ್ತು."

ಆಗ ಅಕ್ಕ ಮೇಲಿನ ತಾರಸಿ ನೋಡುತ್ತಾ ಹೇಳಿದಳು. ಹತ್ತನೇ ತಾರೀಕು ಏಳು. ಹನ್ನೊಂದಕ್ಕೆ ಐದು. ಹನ್ನೆರಡಕ್ಕೆ ನಾಲ್ಕು. ಹದಿಮೂರಕ್ಕೆ ಮೂರು. ಹಬ್ಬದ ದಿನ ಒಂದು. "ಡಬ್ಬಿಯಲ್ಲಿ ಮೊದಲಿನದ್ದು ಇತ್ತಲ್ಲ ಡಾಕ್ಟ್ರೆ. ಒಳ್ಳೆ ದಿನ ಹದಿನಾಲ್ಕು, ಹದಿಮೂರು ಒದ್ದದ್ದುಂಟು. ಅದು ಸೇರಿ ಸರಿಯಾಗ್ತದೆ ಅಂತ."

ಒಂದೊಂದು ದಿನದ್ದೂ ಅವಳಿಗೆ ಬಾಯಿಪಾಠ ಇತ್ತು. ಪುಸ್ತಕ ಇದ್ದ ನನಗೆ ಗೊತ್ತಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತು ನಾನು ಲೆಕ್ಕ ಮಾಡಿದೆ. ಕೈ ತಾನಾಗಿ ಮಾಡಿತು. ಅಕ್ಕನ ಬಾಯಿಲೆಕ್ಕದ ಪ್ರಕಾರ 9ನೇ ತಾರೀಕಿನ ಸಂಜೆ ಡಬ್ಬಿಯಲ್ಲಿ ಮಿಕ್ಕಿದ್ದು ಇಪ್ಪತ್ತೇಳು ನೂಲು ಇರಬೇಕು. ಅದಕ್ಕೆ ಏಳು ಸೇರಿ, ಹತ್ತು ಕಳೆದು ಇಪ್ಪತ್ತನಾಲ್ಕು. ಮರುದಿನ ಹತ್ತೊಂಬತ್ತು, ಆಮೇಲೆ ಹದಿಮೂರು, ಆಮೇಲೆ ಆರು. ಹಬ್ಬದ ದಿನ ಒಂದು ಸೇರಿ ಏಳು. ತಾಳೆ ಸರಿಯಾಗಿತ್ತು. ಮಾರ್ಚಿನಲ್ಲಿ ಒದ್ದ ಒದೆತಗಳನ್ನು ನಾವು ಏಪ್ರಿಲಿನಲ್ಲಿ ನಾಲ್ಕು ದಿನ ಖರ್ಚು ಮಾಡಿದ್ದೆವು.

16ರಂದು ಹೆರಿಗೆ ಮಾಡಿಸಿದರು. ಹೆಣ್ಣು. ಒಂದು ಕಿಲೋ ಏಳುನೂರು. ಉಗುರು ಬೆಳೆದಿತ್ತು. ಬಾವ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಅವರ ಜಾಗದ ಬದಿಯಲ್ಲಿ ಮಣ್ಣು ಮಾಡಿದರು. ಅಂಥ ಮಗುವಿಗೆ ಹೆಸರಿಲ್ಲ, ಸೂತಕದ ದಿನ ಎಣಿಸುವುದಿಲ್ಲ, ಉತ್ತರಕ್ರಿಯೆಯ ಬೊಜ್ಜ ಇಲ್ಲ. ಯಾವ ತಾರೀಕೂ ಬೇಕಾಗಿಲ್ಲ. ಹಾಗಾಗಿ ತಾರೀಕು ಇರುವುದು ನನ್ನ ಹತ್ತಿರ ಮಾತ್ರ.

ಯಾಕೆ ಹೀಗಾಯಿತು ಎಂದು ನಾನು ಡಾಕ್ಟರಮ್ಮನನ್ನು ಕೇಳಿದ್ದೆ. "ಇದೊಂದೇ ಅಂತ ಬೆರಳು ತೋರಿಸ್ಲಿಕ್ಕೆ ಆಗುದಿಲ್ಲಮ್ಮ. ಹೊಗೆಸೊಪ್ಪಿನ ಹುಡಿಯೂ ಇರಬಹುದು. ಆದ್ರೆ ಇಷ್ಟು ಸೆಕೆಯಲ್ಲಿ ತಾಯಿಯ ಮೈಯ ನೀರು ಬತ್ತಿದ್ರೆ ಮಗುವಿಗೆ ರಕ್ತ ಹೋಗುದೂ ಕಮ್ಮಿ ಆಗ್ತದೆ. ಮೊದಲೆಲ್ಲ ಮಾರ್ಚಿನಲ್ಲಿ ನಾನು ಇದನ್ನು ಯೋಚನೆ ಮಾಡ್ಬೇಕಾಗಿರ್ಲಿಲ್ಲ" ಎಂದರು. ಒಂದೇ ದಿನ ಮೊದಲು ಬಂದಿದ್ದರೆ ಎಂದು ಕೇಳಲು ಹೊರಟೆ. ಅವರೇ, "ಅದು ಕೇಳಬೇಡ" ಎಂದರು.

ಮನೆಗೆ ನೋಡಲು ಬಂದವರಿಗೆ ಕಾರಣಗಳು ಬೇಕಾದಷ್ಟು ಸಿಕ್ಕಿದವು. ಪಪ್ಪಾಯಿ ತಿಂದಿರಬೇಕು. ಗ್ರಹಣದ ದಿನ ಕತ್ತರಿ ಮುಟ್ಟಿರಬೇಕು. ದೆವ್ವ ಇರುವ ಪಾಲೆ ಮರದ ಅಡಿಯಲ್ಲಿ ಹೋಗಿರಬೇಕು. ಎಲ್ಲರೂ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಲೇ ಹೇಳಿದರು. "ಎಂತ ಸೆಕೆ ಮಾರಾಯ್ರೆ ಈ ಮನೆಯಲ್ಲಿ, ಫ್ಯಾನು ಹಾಕಿ" ಎಂದರು. ನಾನು ಎದ್ದು ಹಾಕಿದೆ. ಆವತ್ತು ಮನೆಯಲ್ಲಿ ಎಲೆ ಇರಲಿಲ್ಲ.

ಅಕ್ಕ ಒಂದು ತಿಂಗಳು ಇದ್ದು ಹೋದಳು. ಹೋಗುವ ದಿನ ಡಬ್ಬಿ ಎಲ್ಲಿ ಎಂದು ಕೇಳಿದಳು. ಏಳು ನೂಲನ್ನು ನಾನು ಬಿಸಾಡಿರಲಿಲ್ಲ. ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ನನ್ನ ಪುಸ್ತಕದ ಹತ್ತುಗಳನ್ನು ನಾನು ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ ಕೆಂಪು ಪೆನ್ನಿನಿಂದ ನಿಜವಾದದ್ದನ್ನು ಬರೆದೆ: 7, 5, 4, 3, 1. ಅಮ್ಮ ಆ ಪುಸ್ತಕವನ್ನು ಈಗ ಯಾರಿಗೂ ತೋರಿಸುವುದಿಲ್ಲ.

ಈ ವರ್ಷ ನವೆಂಬರ್ 18ರಂದು ಅಕ್ಕನ ಜೊತೆ ನಾನೂ ಅಮ್ಮನೂ ಕಡಬದ ಕಡೆಯ ಒಂದು ಆಸ್ಪತ್ರೆಗೆ ಹೋದೆವು. ಅವಳಿಗೆ ಮತ್ತೆ ಮುಟ್ಟು ನಿಂತಿತ್ತು. ಹೊಸ ಕಾರ್ಡು ಮಾಡುವ ನರ್ಸ್ ತಲೆ ಎತ್ತದೆ ಕೇಳಿದರು, "ಎಷ್ಟನೇದ್ದು?"

"ಚೊಚ್ಚಲು" ಎಂದರು ಅಮ್ಮ.

"ಎರಡನೇದ್ದು" ಎಂದೆ ನಾನು.

"ಯಾರಾದ್ರೂ ಒಬ್ರು ಹೇಳಿ ಮಾರಾಯ್ರೆ."

ಅಮ್ಮ ನನ್ನ ಮೊಣಕೈ ಹಿಡಿದು ಮೆಲ್ಲಗೆ, "ಅದು ಲೆಕ್ಕಕ್ಕಿಲ್ಲ, ಸುಮ್ನಿರು. ಇದೇ ಮೊದಲನೇದ್ದು. ಏಳರಲ್ಲಿ ಮನೆಗೆ ಕರ್ಕೊಂಡು ಬರುದು" ಎಂದರು.

"ಎರಡು" ಎಂದಳು ಅಕ್ಕ. "ನಾನು ಏಳರಲ್ಲೂ ಬರುದಿಲ್ಲ, ಒಂಬತ್ತರಲ್ಲೂ ಬರುದಿಲ್ಲ ಅಮ್ಮ. ಆ ಶೀಟಿನ ಅಡಿಗೆ ಬರುದಿಲ್ಲ."

ಅಮ್ಮನ ಕೈ ನನ್ನ ಮೊಣಕೈಯಿಂದ ಸಡಿಲವಾಯಿತು.

"ಮೊದಲನೇದ್ದಕ್ಕೆ ಎಂತಾಯ್ತು?" ನರ್ಸ್ ಕೇಳಿದರು.

"ಸೆಕೆಗೆ ಹೋಯ್ತು."

ನರ್ಸ್ ಒಮ್ಮೆ ಅಕ್ಕನ ಮುಖ ನೋಡಿದರು. ಆ ಖಾನೆಯಲ್ಲಿ "ಕಾರಣ ಗೊತ್ತಿಲ್ಲ" ಎಂದು ಬರೆದರು. ಆಮೇಲೆ ಮುಟ್ಟಿನ ತಾರೀಕು ಕೇಳಿ, ಕೈಯಲ್ಲಿದ್ದ ಚಕ್ರ ತಿರುಗಿಸಿ, ಹೆರಿಗೆಗೆ ಜೂನ್ 8 ಎಂದು ತಾರೀಕು ಕೊಟ್ಟರು.

ನಾನು ಬೆರಳಿನಲ್ಲಿ ಹಿಂದಕ್ಕೆ ಎಣಿಸಿದೆ. ಅಕ್ಕ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಎಂಟನೇ ತಿಂಗಳು ಮತ್ತೆ ಏಪ್ರಿಲಿಗೇ ಬೀಳುತ್ತದೆ.